ತೂಕ ಬರೆಯದೆ ಬಿಟ್ಟ ಕೆಂಪು ನಾಣ್ಯ

“ಹೋದವರ ಮನೆಯಲ್ಲಿ ಯಾವ ಪೆಟ್ಟಿಗೆಗೂ ಬೀಗವಿಲ್ಲ” — ಹೀಗೊಂದು ಸಾಲು. ಎಲ್ಲಿ ಓದಿದೆನೋ ನೆನಪಿಲ್ಲ. ಬೀಗವಿಲ್ಲ ಅಂತಲೋ, ಬೀಗ ಉಳಿಯುವುದಿಲ್ಲ ಅಂತಲೋ, ಅದೂ ಸರಿಯಾಗಿ ನೆನಪಿಲ್ಲ. ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಕೂತು ಆ ಸಾಲನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಹೇಗೆ ಓದಿದರೂ ನನಗೆ ಅದರ ಮೇಲೆ ಅನುಮಾನ. ಬರೆದವರು ಯಾರೇ ಇರಲಿ, ನಮ್ಮ ಮಿಲಿಗ್ರಾಂ ಸರ್ ಮನೆಗೆ ಕಾಲಿಟ್ಟವರಲ್ಲ. ಅಲ್ಲಿ ಒಂದೇ ಪೆಟ್ಟಿಗೆಗೆ ಮೂರು ಬೀಗ. ಕಳೆದ ಭಾನುವಾರ ಮೂರನ್ನೂ ಈ ಕೈಯಲ್ಲೇ ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ — ಮೂವತ್ತೆಂಟು ವರ್ಷ ಆ ಮನುಷ್ಯನ ಜೊತೆಗೂ ಆ ಮನುಷ್ಯನ ಅನುಮಾನಗಳ ಜೊತೆಗೂ ಸಂಸಾರ ಮಾಡಿದವರಿಗೆ — ನಮಸ್ಕಾರ. ಅವರ ಕೈ ಹಿಡಿದು ಕೂತಿರುವ ಮಗಳಿಗೆ, ತೂಕ ಮತ್ತು ಅಳತೆ ಪ್ರಯೋಗಾಲಯದ ನನ್ನ ಹಿರಿಯ ಕಿರಿಯ ಸಹೋದ್ಯೋಗಿಗಳಿಗೆ, ಅವರ ಬೀದಿಯಿಂದ ಬಂದಿರುವ ನೆರೆಹೊರೆಯವರಿಗೆ ನಮಸ್ಕಾರ.

ನನ್ನನ್ನು ಗೊತ್ತಿಲ್ಲದವರಿಗೆ — ಪ್ರಯೋಗಾಲಯದ ದಾಖಲೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಕಿರಾಣಿ ಅಂಗಡಿಯ ತಕ್ಕಡಿ, ಆಸ್ಪತ್ರೆಯ ತಕ್ಕಡಿ, ಚಿನ್ನದಂಗಡಿಯ ತಕ್ಕಡಿ, ಎಲ್ಲವೂ ಪರೀಕ್ಷೆಗೆ ನಮ್ಮಲ್ಲಿಗೆ ಬರುತ್ತವೆ. ಮಿಲಿಗ್ರಾಂ ಸರ್ ತೂಗುತ್ತಿದ್ದರು, ನಾನು ಬರೆದಿಡುತ್ತಿದ್ದೆ. ಅಷ್ಟೇ ಸಂಬಂಧ ಆಗಿದ್ದರೆ ನಾನಿಲ್ಲಿ ಎರಡು ಒಳ್ಳೆಯ ಮಾತು ಹೇಳಿ ಕೂರಬಹುದಿತ್ತು. ಹಾಗೆ ಆಗುವುದಿಲ್ಲ.

ಯಾಕೆಂದರೆ — ಈ ಫೋಟೋದಲ್ಲಿರುವ ಮನುಷ್ಯ ಕಳ್ಳ ಎಂದು ನಾನು ಐದೂವರೆ ವರ್ಷ ತಿಳಿದಿದ್ದೆ. ತಿಳಿದು ಸುಮ್ಮನಿರಲಿಲ್ಲ, ಹೇಳಿದೆ. ಈ ಸಭೆಯಲ್ಲಿರುವ ಅರ್ಧ ಜನ ಆ ಮಾತನ್ನು ಕೇಳಿದ್ದೀರಿ. ಕೇಳಿ ನಂಬಿದ್ದೀರಿ. ಅದು ನಿಜವೋ ಅಲ್ಲವೋ ಎನ್ನುವುದನ್ನು ಇವತ್ತು, ಅವರ ಮನೆಯವರ ಎದುರಿಗೆ, ಕಂಡದ್ದು ಕಂಡ ಹಾಗೆ ಹೇಳಬೇಕು. ನಮ್ಮ ಪ್ರಯೋಗಾಲಯದ ನಿಯಮವೇ ಅದು — ಕಂಡದ್ದನ್ನು ಬರೆ, ಕಾಣದಿದ್ದರೆ ಜಾಗ ಖಾಲಿ ಬಿಡು. ಆ ನಿಯಮ ಕಲಿಸಿದವರೂ ಅವರೇ.

ಅನುಮಾನ ಎಂದರೆ ಏನು ಎಂದು ಕೂಡ ಅವರಿಂದಲೇ ಕಲಿತದ್ದು. ನಿಮಗೆಲ್ಲ ಗೊತ್ತು. ರಕ್ತದೊತ್ತಡ ನೋಡಲು ಬಂದ ಡಾಕ್ಟರನ್ನು “ಈ ಪಟ್ಟಿ ಕೊನೇ ಸಲ ಪರೀಕ್ಷೆ ಆಗಿದ್ದು ಯಾವಾಗ?” ಎಂದು ಕೇಳಿದವರು. ಗೋಡೆಯ ಗಡಿಯಾರವನ್ನು ತಮ್ಮ ಕೈಗಡಿಯಾರದಿಂದಲೂ, ಕೈಗಡಿಯಾರವನ್ನು ರೇಡಿಯೋದಿಂದಲೂ, ರೇಡಿಯೋವನ್ನು — ಅದನ್ನಂತೂ ನಂಬುತ್ತಲೇ ಇರಲಿಲ್ಲ. ಅತ್ತಿಗೆ ಹೇಳಿದರು, ಕೊನೆಯ ವಾರ ಆಸ್ಪತ್ರೆಯಲ್ಲಿ ನರ್ಸು ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ, ನಿಲ್ಲುವುದೇ ಕಷ್ಟವಾಗಿದ್ದಾಗ, ಗೋಡೆ ಹಿಡಿದುಕೊಂಡು ಹೇಳಿದರಂತೆ: “ಇದು ಮುನ್ನೂರು ಗ್ರಾಂ ಸುಳ್ಳು ಹೇಳ್ತಿದೆ ತಾಯಿ. ನಾನಿನ್ನೂ ಅಷ್ಟು ಇಳಿದಿಲ್ಲ.”

ನಗಿ, ಪರವಾಗಿಲ್ಲ. ಅತ್ತಿಗೆಯೂ ನಗುತ್ತಿದ್ದಾರೆ.

ಈಗ ನಾಣ್ಯದ ವಿಷಯ. ಹನ್ನೊಂದು ವರ್ಷದ ಹಿಂದೆ ನಮ್ಮಲ್ಲಿಗೊಂದು ಹೊಸ ತಕ್ಕಡಿ ಬಂತು. ಕೂರಿಸಲು ಕೊರಿಯಾದಿಂದ ಇಂಜಿನಿಯರ್ ಬಂದರು. ಕೆಲಸ ಮುಗಿದ ಮೇಲೆ ಅದು ಎಷ್ಟು ಸೂಕ್ಷ್ಮ ಎಂದು ತೋರಿಸಲು ಜೇಬಿಗೆ ಕೈ ಹಾಕಿ, ತಮ್ಮೂರಿನ ಚಿಲ್ಲರೆ ತೆಗೆದು, ಒಂದೊಂದನ್ನೇ ತಟ್ಟೆಯ ಮೇಲೆ — ಹೀಗೆ, ಅಂಚು ಹಿಡಿದು — ಇಟ್ಟರು. ಕೊಕ್ಕರೆ ಹಾರುತ್ತಿರುವ ಐನೂರು ವೊನ್, ಏಳು ಪಾಯಿಂಟ್ ಏಳು ಗ್ರಾಂ. ನೌಕಾಪಡೆಯ ಸೇನಾಪತಿಯ ಮುಖವಿರುವ ನೂರು, ಐದು ಪಾಯಿಂಟ್ ನಾಲ್ಕು ಎರಡು. ಭತ್ತದ ತೆನೆಯ ಐವತ್ತು. ಕಲ್ಲಿನ ಗೋಪುರದ, ಈಗಿನ ಅಚ್ಚಿನ ಪುಟ್ಟ ಹತ್ತು, ಊದಿದರೆ ಹಾರಿಹೋಗುವಷ್ಟು ಹಗುರ. ಮಿಲಿಗ್ರಾಂ ಸರ್ ಎರಡು ಕೊಕ್ಕರೆಗಳನ್ನು ಒಂದಾದ ಮೇಲೊಂದು ತೂಗಿದರು. ಮತ್ತೆ ತೂಗಿದರು.

“ಒಂದೇ ಅಚ್ಚಿನವು ಅಂತೀರಿ. ಮತ್ತೆ ಇದ್ಯಾಕೆ ಎಂಟು ಮಿಲಿಗ್ರಾಂ ಕಡಿಮೆ?”

ಕೈಯಿಂದ ಕೈಗೆ ಓಡಾಡಿ ಸವೆದಿದೆ ಎಂದರು ಇಂಜಿನಿಯರ್.

“ಅಂದ್ರೆ ಆ ಎಂಟು ಮಿಲಿಗ್ರಾಂ ಈಗ ಯಾರ ಕೈಲಿದೆ?”

ಇಂಜಿನಿಯರ್ ನಕ್ಕು ಚಿಲ್ಲರೆಯನ್ನೆಲ್ಲ ಅವರ ಅಂಗೈಗೆ ಸುರಿದು ಹೋದರು. ಅವರಿಗೆ ಅದು ಊಟದ ನಂತರದ ಮಾತು. ಇವರಿಗೆ — ಹನ್ನೊಂದು ವರ್ಷದ ಕೆಲಸ.

ಆ ನಾಣ್ಯ ಕೂಡಿಡುವ ಹುಚ್ಚು ಇಡೀ ಕಚೇರಿಯಲ್ಲಿ ಅಂಟಿಕೊಂಡದ್ದು ನನಗೊಬ್ಬಳಿಗೇ. ನಾನು ಪದ್ಯ ಓದುವವಳು. ಸಾವಿರಾರು ಜೇಬು ಕಂಡ ಒಂದು ಐವತ್ತು ವೊನ್ ನಾಣ್ಯದಲ್ಲಿ ಭತ್ತದ ಕಾಳುಗಳು ಒಂದೊಂದೇ ಅಳಿಸಿಹೋಗುವುದು ನನಗೆ ಏನನ್ನೋ ಹೇಳುತ್ತಿತ್ತು. ಅವರಿಗೆ ಅದು ಏನನ್ನೋ ಬಚ್ಚಿಡುತ್ತಿತ್ತು. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ತೂಕದ ಕೋಣೆಯಲ್ಲಿ ಸೇರುತ್ತಿದ್ದೆವು. ಕಿಟಕಿ ಇಲ್ಲದ ಕೋಣೆ, ಎರಡು ಬಾಗಿಲು, ನೆಲಕ್ಕೆ ಹೂತ ಕಲ್ಲಿನ ಮೇಜು. ಮೇಜಿನ ಮೇಲೆ ದಪ್ಪ ಮೆತ್ತನೆಯ ಬಟ್ಟೆ — ನಾಣ್ಯ ಕೈಜಾರಿದರೆ ಪೆಟ್ಟಾಗಬಾರದು. ಉಂಗುರ ತೆಗೆಯಬೇಕು. ತೋಳು ಮಡಚಬೇಕು. ನಾಣ್ಯದ ಎದುರು ಬಾಯಿ ತೆರೆದರೆ ಮುಗಿಯಿತು: “ಮಾತು ಆಮೇಲೆ, ದಾಖಲೆಯವರೇ. ಉಗುಳು ಹಾರುತ್ತೆ. ನಾಳೆ ಅಲ್ಲೊಂದು ಚುಕ್ಕೆ ಕೂರುತ್ತೆ.”

ಅವರು ನಂಬದ ವಸ್ತುಗಳ ಪಟ್ಟಿ ದೊಡ್ಡದು. ಮೆತ್ತಗಿನ ಪ್ಲಾಸ್ಟಿಕ್ ಜೇಬುಗಳನ್ನು ನಂಬುತ್ತಿರಲಿಲ್ಲ, ಎರಡು ವರ್ಷದಲ್ಲಿ ಹಸಿರು ಜಿಗುಟು ಬಿಡುತ್ತವೆ. ರಬ್ಬರ್ ಬ್ಯಾಂಡನ್ನು ಕಂಡರೆ ಹಾವು ಕಂಡ ಹಾಗೆ. ಮರದ ಬೀರುವನ್ನೂ ನಂಬಲಿಲ್ಲ, “ಮರ ಉಸಿರಾಡುತ್ತೆ, ಲೋಹ ಕಪ್ಪಾಗುತ್ತೆ” ಅಂತ ತಗಡಿನ ಪೆಟ್ಟಿಗೆ ಮಾಡಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ, ನಾಣ್ಯವನ್ನು ತಿಕ್ಕಿ ತೊಳೆದು ಫಳಫಳ ಮಾಡುವವರನ್ನು ನಂಬುತ್ತಿರಲಿಲ್ಲ. “ಹೊಳೀತಿದೆ ಅಂದ್ರೆ ಯಾರೋ ಏನೋ ಮಾಡಿದ್ದಾರೆ ಅಂತ ಅರ್ಥ.” ಪ್ರತಿ ನಾಣ್ಯಕ್ಕೂ ನಡುವೆ ತೆಳು ಹಾಳೆಯ ಕಿಟಕಿ ಇರುವ ಒಂದು ರಟ್ಟಿನ ಕಾರ್ಡು. ನಾಣ್ಯ ಒಳಗಿಟ್ಟು, ನಾಲ್ಕು ಪಿನ್ನು ಹೊಡೆದು, ಆ ಪಿನ್ನುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಪಕ್ಕದ ನಾಣ್ಯಕ್ಕೆ ಗೀಚಬಾರದು. ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಐದು ಕಾಲಂ: ಇಸವಿ, ಬಣ್ಣ, ಅಗಲ, ತೂಕ, ಎಲ್ಲಿಂದ ಬಂತು. ಹನ್ನೊಂದು ವರ್ಷದಲ್ಲಿ ಆ ಕಾರ್ಡುಗಳಲ್ಲಿ ಒಂದು ಕಾಲಂ ಕೂಡ ಅವರು ಖಾಲಿ ಬಿಟ್ಟಿರಲಿಲ್ಲ —

ನಾನು ಆಗ ಕಂಡ ಮಟ್ಟಿಗೆ, ಒಂದು ಸಲ ಬಿಟ್ಟು.

ನನ್ನ ಅಣ್ಣ ಸರಕು ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ. ಏಳು ವರ್ಷದ ಹಿಂದೆ ರಜೆಗೆ ಬಂದವನು, ಚಪ್ಪಲಿ ಬಿಡುವ ಮೊದಲೇ, “ಕೈ ಚಾಚು” ಎಂದ. ಚಾಚಿದೆ.

“ಎಪ್ಪತ್ತನೇ ಇಸವಿಯ ಹತ್ತು ವೊನ್. ಕೆಂಪು! ಬಂದರಿನ ಸಂತೇಲಿ ಅರ್ಧ ದಿನ ಚೌಕಾಸಿ ಮಾಡಿ ಹೊಡೆದಿದ್ದೀನಿ ಕಣೇ. ನಿನ್ನ ಆ ಮಿಲಿಗ್ರಾಂಗೆ ತೋರಿಸು, ಹೊಟ್ಟೆ ಉರ್ಕೊಳ್ಳಲಿ.”

ಕೊರಿಯಾದ ನಾಣ್ಯ ಕೂಡಿಡುವವರಿಗೆ ಆ ಕೆಂಪು ಎಂದರೆ ಏನು ಎಂದು ಒಂದು ಮಾತಿನಲ್ಲಿ ಹೇಳುತ್ತೇನೆ. ಎಪ್ಪತ್ತನೇ ಇಸವಿಯಲ್ಲಿ ಅಲ್ಲಿ ಹತ್ತು ವೊನ್ ನಾಣ್ಯದ ಲೋಹ ಬದಲಾಯಿತು. ಅದಕ್ಕೆ ಮೊದಲು ತಾಮ್ರ ಹೆಚ್ಚು, ಕೆಂಪು ಬಣ್ಣ, ತೂಕ ನಾಲ್ಕು ಪಾಯಿಂಟ್ ಎರಡು ಎರಡು. ಆಮೇಲೆ ಸತು ಹೆಚ್ಚು ಬೆರೆಸಿದ ಹಿತ್ತಾಳೆ, ಹಳದಿ, ತೂಕ ನಾಲ್ಕು ಪಾಯಿಂಟ್ ಸೊನ್ನೆ ಆರು. ಒಂದೇ ಇಸವಿ, ಒಂದೇ ಗೋಪುರ, ಎರಡು ಲೋಹ. ಆ ಇಸವಿಯ ಕೆಂಪು ಸಿಗುವುದು ಅಪರೂಪ. ಅಪರೂಪವಾದ್ದರಿಂದ ಮೋಸವೂ ಇದೆ — ಹಳದಿ ನಾಣ್ಯವನ್ನು ಹುಳಿಯಲ್ಲಿ ನೆನೆಹಾಕಿದರೆ ಮೇಲಿನ ಸತು ಕರಗಿ ಕೆಂಪಾಗುತ್ತದೆ. ಕಣ್ಣಿಗೆ ಕೆಂಪು. ತಕ್ಕಡಿಗೆ ಹಳದಿ.

ನಾನು ಅದನ್ನು ಅಂಗೈಯಲ್ಲಿ ಮುಚ್ಚಿ, ಗೋಪುರದ ಮೇಲೆ ಹೆಬ್ಬೆರಳು ಒತ್ತಿ, ಅವನು ಊಟ ಮುಗಿಸುವ ತನಕ ಹಿಡಿದುಕೊಂಡೇ ಇದ್ದೆ. ನಾಣ್ಯದ ಮುಖ ಮುಟ್ಟಬಾರದು ಎಂದು ಗೊತ್ತಿದ್ದೂ. ಅಣ್ಣ ಕೊಟ್ಟದ್ದಲ್ಲವೇ.

ಅವನು ಹಡಗಿಗೆ ವಾಪಸು ಹೋದ ಎರಡೇ ತಿಂಗಳಿಗೆ, ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮನೆಗೆ ಬಂದದ್ದು ಒಂದು ಚೀಲ, ಒಂದು ಪತ್ರ. ಆಮೇಲೆ ಸ್ವಲ್ಪ ದಿನ ಬಿಟ್ಟು ಆ ಕೆಂಪು ಹತ್ತನ್ನು ಮಿಲಿಗ್ರಾಂ ಸರ್ ಬಳಿ ಒಯ್ದೆ. ಎಲ್ಲ ಹೇಳಿದೆ. “ಅಣ್ಣನ ಕೊನೇ ಉಡುಗೊರೆ ಸರ್. ಕಾರ್ಡು ನಿಮ್ಮ ಅಕ್ಷರದಲ್ಲೇ ಇರಲಿ.” ಅವರು ಕೈಗವಸು ಹಾಕಿಕೊಂಡರು.

ನಮ್ಮಲ್ಲಿ ಇನ್ನೊಂದು ನಿಯಮ ಇದೆ. ತೂಗುವಾಗ ಇಬ್ಬರು ಇರಬೇಕು — ಒಬ್ಬರು ಓದಲು, ಒಬ್ಬರು ನೋಡಲು. ಅವತ್ತು ನನಗೆ ಫೋನ್ ಬಂತು. ಹೋದೆ. ಹತ್ತು ನಿಮಿಷ, ಹೆಚ್ಚಿಲ್ಲ. ಎರಡು ಬಾಗಿಲು ದಾಟಿ ವಾಪಸು ಬರುವಾಗ ಇಕ್ಕಳದ ಸದ್ದು ಕೇಳುತ್ತಿತ್ತು. ನಾಣ್ಯ ಆಗಲೇ ಕಾರ್ಡಿನೊಳಗೆ. ಇಸವಿ ಬರೆದಿದ್ದರು. ಬಣ್ಣ: ಕೆಂಪು. ಅಗಲ. ಎಲ್ಲಿಂದ ಬಂತು: ಅಣ್ಣನಿಂದ. ತೂಕ —

ಖಾಲಿ.

“ತೂಕ, ಸರ್?”

“ಇವತ್ತು ಬೇಡ.”

“ಯಾಕೆ ಸರ್?”

“ಇನ್ನೊಂದು ದಿನ ನೋಡೋಣ. ಅಲ್ಲಾ, ಹೆಬ್ಬೆಟ್ಟು ಒತ್ತಿದ್ದೀರಲ್ಲ ಇದರ ಮೇಲೆ? ನಿಮಗೂ ಬುದ್ಧಿ ಹೇಳಬೇಕಾ? ಈಗ ಕಾಣಲ್ಲ. ವರ್ಷಗಳು ಹೋದ ಮೇಲೆ ಎದ್ದು ಬರುತ್ತೆ. ಆಮೇಲೆ ಏನು ಮಾಡಿದರೂ ಹೋಗಲ್ಲ.”

ಬೈಸಿಕೊಂಡ ಸಿಟ್ಟಿನಲ್ಲಿ ಹೊರಟುಹೋದೆ. ಆದರೆ ಆ ಖಾಲಿ ಜಾಗ ನನ್ನ ಕಣ್ಣಿನಿಂದ ಹೋಗಲಿಲ್ಲ. ತರಕಾರಿಯವನ ತೂಕದ ಬಟ್ಟನ್ನೂ ಬಿಡದೆ ತೂಗುವ ಮನುಷ್ಯ, ನನ್ನ ಒಂದು ನಾಣ್ಯವನ್ನು ಯಾಕೆ ತೂಗಲಿಲ್ಲ? ತೂಗಿದರೆ ಏನು ಗೊತ್ತಾಗುತ್ತಿತ್ತು? ಯಾರಿಗೆ ಗೊತ್ತಾಗಬಾರದಿತ್ತು?

ಒಂದು ವರ್ಷ ಹೀಗೇ ಕಳೆಯಿತು. ಅವರು ರಜೆಯಲ್ಲಿದ್ದ ಒಂದು ದಿನ ನಾನು ಕಾರ್ಡಿನ ಪಿನ್ನು ಬಿಡಿಸಿದೆ. ಎರಡನೆಯವರು ಇರಬೇಕಲ್ಲ — ಮುದ್ರೆ ವಿಭಾಗದವರನ್ನು ಕರೆದೆ. ಅವರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ತಕ್ಕಡಿಯ ಬಾಗಿಲು ಮುಚ್ಚಿದೆವು. ಅಂಕಿ ಓಡಿತು, ನಿಂತಿತು. ನಾಲ್ಕು ಪಾಯಿಂಟ್ ಸೊನ್ನೆ ಆರು.

“ಮೇಡಂ, ಇದು ಹಿತ್ತಾಳೆ,” ಎಂದರು ಅವರು. “ಹುಳಿ ಕುಡಿಸಿ ಕೆಂಪು ಮಾಡಿದ್ದಾರೆ.”

ಸವೆದು ಅಷ್ಟು ತೂಕ ಹೋಗಬೇಕಾದರೆ ಗೋಪುರವೇ ಅಳಿಸಿಹೋಗಿರಬೇಕಿತ್ತು. ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ನಾನು ಕೇಳಿದೆ: “ಹಾಗಾದ್ರೆ ನನ್ನದು ಎಲ್ಲಿ?”

ಅವರು ಏನೂ ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು — ಅವರು ಏನೂ ಹೇಳಲಿಲ್ಲ. ಹೇಳಿದ್ದು ನಾನು. “ಹತ್ತು ನಿಮಿಷ,” ಎಂದೆ. “ನಾನು ಹತ್ತು ನಿಮಿಷ ಹೊರಗಿದ್ದೆ.” ಅಷ್ಟು ಸಾಕಾಯಿತು. ಸಂಜೆ ಕಚೇರಿ ಬಿಡುವ ಹೊತ್ತಿಗೆ ಅದು ಮೂರು ಮಹಡಿ ಹತ್ತಿ ಇಳಿದಿತ್ತು.

ಯಾರೂ ಅವರನ್ನು ಎದುರಿಗೆ ಕೇಳಲಿಲ್ಲ. ಒಂದು ಸುತ್ತೋಲೆ ಬಂತು: ಮೂಲ ಬಟ್ಟುಗಳ ಬೀರುವಿನ ಕೀಲಿ ತೆಗೆಯಲು ಇನ್ನು ಮುಂದೆ ಎರಡು ಸಹಿ ಬೇಕು. ಅದುವರೆಗೆ ಆ ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಸುತ್ತೋಲೆ ನಾನೇ ಒಯ್ದು ಕೊಟ್ಟೆ, ದಾಖಲೆಯವಳಲ್ಲವೇ. ಓದಿ, ಸಹಿ ಹಾಕಿ, ಕೀಲಿ ಬಿಚ್ಚಿ ಕೊಟ್ಟರು. “ಒಳ್ಳೇದಾಯ್ತು. ಮೊದಲೇ ಮಾಡಬೇಕಿತ್ತು. ಒಬ್ಬರ ಕೈಗೆ ಕೀಲಿ ಕೊಡಲೇಬಾರದು.” ಅವರು ತಮಾಷೆ ಮಾಡಿದರೋ, ನಿಜಕ್ಕೂ ಒಪ್ಪಿದರೋ — ಇವತ್ತಿಗೂ ನನಗೆ ಗೊತ್ತಿಲ್ಲ.

ಅದಾಗಿ ಒಂದೂವರೆ ವರ್ಷಕ್ಕೆ ಅವರು ಕೇಳಲು ಶುರು ಮಾಡಿದರು. ಮೊದಲ ಸಲ ಮೆಟ್ಟಿಲಿನ ಹತ್ತಿರ: “ಆ ಕೆಂಪು ಹತ್ತು ಒಂದು ದಿನದ ಮಟ್ಟಿಗೆ ಕೊಡಿ. ಕಾರ್ಡು ಬದಲಾಯಿಸಬೇಕು.” ಕಾರ್ಡು ಚೆನ್ನಾಗಿಯೇ ಇತ್ತು. ಎರಡನೇ ಸಲ, ಕ್ಯಾಂಟೀನಿನಲ್ಲಿ: “ತೂಕ ನೋಡೋಣ ಅಂದಿದ್ದೆನಲ್ಲ, ನೋಡಿಬಿಡೋಣ.” ಈಗ ಯಾಕಪ್ಪ ಈ ಆತುರ? ನನಗೆ ಗೊತ್ತಿತ್ತು ಯಾಕೆ ಅಂತ. ಸಾಕ್ಷಿ ನನ್ನ ಬಳಿ ಇದೆ, ಅದು ಅವರಿಗೆ ಬೇಕು. ನಾಣ್ಯವನ್ನು ಒಯ್ದು ಬ್ಯಾಂಕಿನ ಲಾಕರಿನಲ್ಲಿಟ್ಟೆ. ಇಟ್ಟ ಮೇಲೆ ಅದರ ಮುಖ ಕೂಡ ನೋಡಲಿಲ್ಲ.

ಅವರು ನಿವೃತ್ತರಾದ ದಿನ ನಿಮಗೆಲ್ಲ ನೆನಪಿದೆ. ಗಡಿಯಾರ ಕೊಟ್ಟೆವು. ಹಿಂದಿನಿಂದ ಯಾರೋ ಕೂಗಿದರು: “ತೂಕ ನೋಡಿ ತಗೊಳ್ಳಿ ಸರ್, ಬದಲಾಗಿರಬಹುದು!” ಎಲ್ಲರೂ ನಕ್ಕರು. ಕೂಗಿದವರು ಯಾರು ಎಂದು ನಾನು ಕೇಳುವುದಿಲ್ಲ. ನಾನೂ ನಕ್ಕೆ. ಅವರು ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು, ನಗುವ ಎಲ್ಲರ ಮುಖವನ್ನೂ ಒಂದು ಸಲ ನೋಡಿದರು. ಆಮೇಲೆ ಗೇಟಿನ ಹತ್ತಿರ, ನಾನೊಬ್ಬಳೇ ಸಿಕ್ಕಾಗ —

“ಕೊಡ್ತೀರಾ? ಒಂದೇ ದಿನ.”

“ಲಾಕರಿನಲ್ಲಿದೆ ಸರ್.”

“ಹೌದಾ. ಲಾಕರ್ ಒಳಗೆ ತೇವ ಇರುತ್ತೆ. ಹುಷಾರು.”

ನಾಲ್ಕನೇ ಸಲ ಮೂರು ತಿಂಗಳ ಹಿಂದೆ, ಫೋನಿನಲ್ಲಿ. ದನಿ ಸಣ್ಣಗಾಗಿತ್ತು. ಅದೇ ಮಾತು. ನನ್ನದೂ ಅದೇ ಉತ್ತರ.

ಅವರು ಹೋದ ಮೇಲೆ ಅತ್ತಿಗೆ ಫೋನ್ ಮಾಡಿದರು. “ಇವರ ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ‘ದಾಖಲೆಯವರು ಬಂದು ತೆರೆಯಲಿ’ ಅಂತ. ಬರ್ತೀಯಾ?”

ಯಾಕೆ ನಾನೇ? ಅದಕ್ಕೂ ಅನುಮಾನಪಟ್ಟೆ. ಲಾಕರಿನಿಂದ ನಾಣ್ಯ ತೆಗೆದುಕೊಂಡೆ, ಕಾರ್ಡು ಕೂಡ ಬಿಡಿಸಿ ನೋಡದೆ ಕೈಚೀಲಕ್ಕೆ ಹಾಕಿದೆ. ಜೇಬು ತಕ್ಕಡಿ, ಭೂತಗನ್ನಡಿ. ಸಂತಾಪ ಹೇಳಲು ಹೋಗುವವರು ಇವನ್ನೆಲ್ಲ ಒಯ್ಯುವುದಿಲ್ಲ. ನಾನು ಒಯ್ದೆ.

ಒಂದು ಕೀಲಿ ಗಡಿಯಾರದ ಹಿಂದೆ — ನಾವು ಕೊಟ್ಟ ಗಡಿಯಾರ. ಒಂದು ಔಷಧಿ ಡಬ್ಬಿಯಲ್ಲಿ. “ಮೂರನೇದು ಇವರ ಹಳೇ ಬೂಟಿನೊಳಗೆ,” ಎಂದರು ಅತ್ತಿಗೆ, “ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರು.” ಪೆಟ್ಟಿಗೆ ತೆರೆದೆ. ಸಾಲು ಸಾಲು ಕಾರ್ಡುಗಳು. ತೇವ ಹೀರುವ ಪೊಟ್ಟಣಗಳ ಮೇಲೆ ಬದಲಾಯಿಸಿದ ತಾರೀಕು. ಬಿಳಿಯಾಗದೆ ಉಳಿದ ಅಲ್ಯುಮಿನಿಯಂ ಒಂದು ವೊನ್. ಹಾರುವ ಕೊಕ್ಕರೆಗಳು, ಇಸವಿ ಪ್ರಕಾರ. ಕೊನೆಯ ಸಾಲಿನಲ್ಲಿ, ಎಲ್ಲದರ ಹಿಂದೆ, ಒಂದೇ ಒಂದು ಕಾರ್ಡು ಬೆನ್ನು ತಿರುಗಿಸಿ ಇಟ್ಟಿದ್ದರು.

ತಿರುಗಿಸಿದೆ. ಹತ್ತು ವೊನ್. ಎಪ್ಪತ್ತನೇ ಇಸವಿ. ಕೆಂಪು. ತೂಕ: ನಾಲ್ಕು ಪಾಯಿಂಟ್ ಎರಡು ಎರಡು. ಎಲ್ಲಿಂದ ಬಂತು —

ಖಾಲಿ.

ಬಿಡಿಸಿ ನಾನೇ ತೂಗಿದೆ. ಸರಿ ಇತ್ತು. ಅಸಲಿ ಕೆಂಪು. ಹಿಡಿದುಬಿಟ್ಟೆ ಎಂದುಕೊಂಡೆ. ಅತ್ತಿಗೆ, ಕ್ಷಮಿಸಿ — ನಿಮ್ಮ ಮನೆಯಲ್ಲಿ, ಅವರ ಕುರ್ಚಿಯಲ್ಲಿ ಕೂತು, ನನಗೆ ಸಂತೋಷವಾಯಿತು. ನೀವು ಬಾಗಿಲಲ್ಲಿ ನಿಂತು “ಎಲ್ಲಾ ಸರಿಯಾಗಿದೆಯಾ?” ಎಂದಿರಿ. “ಬಹಳ ಸರಿಯಾಗಿದೆ ಅತ್ತಿಗೆ,” ಎಂದೆ. ನೀವು ಅದನ್ನು ಹೊಗಳಿಕೆ ಎಂದುಕೊಂಡು ಕಣ್ಣು ಒರೆಸಿಕೊಂಡಿರಿ.

ಆಗ ಅವರು ಬೈದದ್ದು ನೆನಪಾಯಿತು. ಹೆಬ್ಬೆಟ್ಟು. ವರ್ಷಗಳು ಹೋದ ಮೇಲೆ ಎದ್ದು ಬರುತ್ತದೆ. ಕಳ್ಳತನ ಸಾಬೀತು ಮಾಡಲು ಇದಕ್ಕಿಂತ ಸಾಕ್ಷಿ ಬೇಕೆ? ಸೇವೆಗೆ ಸೇರಿದ ಹೊಸದರಲ್ಲಿ ರಿಜಿಸ್ಟರ್ ಹೊಲಿಯುವಾಗ ದಬ್ಬಳ ಈ ಬೆರಳಿಗೆ ಇಳಿದಿತ್ತು — ಇಲ್ಲಿ, ನೋಡಿ, ಈ ಅಡ್ಡ ಗೆರೆ. ಇಂಥ ಹೆಬ್ಬೆಟ್ಟು ಇನ್ನೊಬ್ಬರಿಗೆ ಇರಲಾರದು. ಕಿಟಕಿಯ ಹತ್ತಿರ ಹೋಗಿ, ಅವರ ಕೆಂಪು ಹತ್ತನ್ನು ಅಂಚು ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ.

ಇರಲಿಲ್ಲ. ಗೋಪುರ, ಅದರ ಮೇಲೆ ತೆಳು ಕಂದು ಬಣ್ಣ, ಬೇರೇನೂ ಇಲ್ಲ.

ತಿರುಗಿಸಿದೆ. ಇಲ್ಲ.

ಆಮೇಲೆ ನನ್ನ ಕೈಚೀಲದಿಂದ ನನ್ನದನ್ನು ತೆಗೆದೆ. ನಾಲ್ಕು ಪಾಯಿಂಟ್ ಸೊನ್ನೆ ಆರರ ಆ ಸುಳ್ಳು ನಾಣ್ಯವನ್ನು. ಭೂತಗನ್ನಡಿ ಬೇಕಾಗಲಿಲ್ಲ. ಗೋಪುರದ ಮೇಲೆ, ಹೊಗೆಯ ಹಾಗೆ ಕಪ್ಪಾಗಿ, ಸುತ್ತು ಸುತ್ತಾಗಿ, ನಡುವೆ ಅಡ್ಡ ಗೆರೆಯ ಸಮೇತ — ನನ್ನ ಹೆಬ್ಬೆಟ್ಟು.

(ನೀರು ಬೇಡ. ಇರಲಿ.)

ಅದು ಬದಲಾಗಿರಲೇ ಇಲ್ಲ. ಅಣ್ಣ ನನ್ನ ಅಂಗೈಗೆ ಹಾಕಿದ್ದೂ ಅದೇ, ನಾನು ಮಿಲಿಗ್ರಾಂ ಸರ್ ಕೈಗೆ ಕೊಟ್ಟದ್ದೂ ಅದೇ, ಅವರು ವಾಪಸು ಕೊಟ್ಟದ್ದೂ ಅದೇ. ನನ್ನ ಅನುಮಾನದ ಪಟ್ಟಿಯಲ್ಲಿ ಸಹೋದ್ಯೋಗಿ ಇದ್ದರು, ಹತ್ತು ನಿಮಿಷ ಇತ್ತು, ಎರಡು ಬಾಗಿಲು ಇದ್ದವು. ಬಂದರಿನ ಸಂತೆಯ ಆ ವ್ಯಾಪಾರಿ ಮಾತ್ರ ಇರಲಿಲ್ಲ. ಅವನನ್ನು ಸೇರಿಸಿದ್ದರೆ ಅಣ್ಣ ಅರ್ಧ ದಿನ ಚೌಕಾಸಿ ಮಾಡಿ ಮೋಸಹೋದ ಎಂದು ಒಪ್ಪಬೇಕಾಗುತ್ತಿತ್ತು. ಅದರ ಬದಲು ಒಬ್ಬ ಒಳ್ಳೆಯ ಮನುಷ್ಯನನ್ನು ಕಳ್ಳ ಮಾಡುವುದು ನನಗೆ ಸುಲಭವಾಯಿತು. ತೂಕ ನೋಡಿದೆ. ಮುಖ ನೋಡಲಿಲ್ಲ.

ಆ ಹತ್ತು ನಿಮಿಷದಲ್ಲಿ ಏನಾಯಿತು ಎಂದು ಈಗ ನನಗೆ ಗೊತ್ತು. ಅವರು ತೂಗಿದರು. ಅಂಕಿ ನಿಂತಿತು. ಈಚೆಗಷ್ಟೇ ಅಣ್ಣನನ್ನು ಕಳೆದುಕೊಂಡವಳು ಈಗ ಬಾಗಿಲು ದಾಟಿ ಬರುತ್ತಾಳೆ. ಸುಳ್ಳು ತೂಕ ಬರೆಯಲು ಆ ಕೈಗೆ ಬಾರದು. ನಿಜವಾದ ತೂಕ ಬರೆಯಲು ಮನಸ್ಸು ಬಾರದು. ಬಣ್ಣ ಕೆಂಪು ಎಂದು ಬರೆದರು — ಅದು ಸುಳ್ಳಲ್ಲ. ತೂಕದ ಜಾಗ ಖಾಲಿ ಬಿಟ್ಟರು. ನನ್ನನ್ನು ಬೈದು ಮಾತು ಬದಲಾಯಿಸಿದರು. ನಾನು ಅವರ ಮೇಲೆ ಹೊರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಇಳಿಸಿಬಿಡಬಹುದಿತ್ತು: “ನಿಮ್ಮಣ್ಣ ತಂದದ್ದೇ ನಕಲಿ.” ಕೀಲಿ ಕೊಡುವಾಗ ಹೇಳಬಹುದಿತ್ತು. ನಾವೆಲ್ಲ ನಕ್ಕಾಗ ಹೇಳಬಹುದಿತ್ತು. ಹೇಳಲಿಲ್ಲ.

ಆದ್ದರಿಂದ, ಇಲ್ಲಿ ಎಲ್ಲರೂ ಕೇಳುವ ಹಾಗೆ — ಅವರು ಕದಿಯಲಿಲ್ಲ. ನಾನು ಹೇಳಿದ್ದು ಸುಳ್ಳು. ನಾಳೆ ಬೆಳಿಗ್ಗೆ ಆ ಸುತ್ತೋಲೆಯ ಕೆಳಗೆ ಇದನ್ನು ಬರೆದು ಸಹಿ ಹಾಕುತ್ತೇನೆ. ಎರಡನೇ ಸಹಿ ಬೇಕು. ಮುದ್ರೆ ವಿಭಾಗದವರೇ, ನೀವು ಹಾಕಬೇಕು. ಅಣ್ಣನ ನಾಣ್ಯದ ಕಾರ್ಡಿನಲ್ಲಿ ಖಾಲಿ ಉಳಿದಿದ್ದ ಕಾಲಂ ಇವತ್ತು ಬೆಳಿಗ್ಗೆ ನಾನೇ ತುಂಬಿದೆ: ನಾಲ್ಕು ಪಾಯಿಂಟ್ ಸೊನ್ನೆ ಆರು. ಅದು ನನ್ನ ಬಳಿಯೇ ಇರುತ್ತದೆ. ಅಣ್ಣ ಕೊಟ್ಟದ್ದು, ನನ್ನ ಹೆಬ್ಬೆಟ್ಟು ಇರುವುದು.

ಇಷ್ಟಾದರೂ ಬುದ್ಧಿ ಬಂತೇ? ಇಲ್ಲ. ಪೆಟ್ಟಿಗೆ ಮುಚ್ಚುವಾಗಲೂ ಮನಸ್ಸು ಅದನ್ನೇ ಕೆದಕುತ್ತಿತ್ತು. ಹಾಗಾದರೆ ಈ ಅಸಲಿ ಕೆಂಪು ಎಲ್ಲಿಂದ ಬಂತು? ಯಾಕೆ ಬೆನ್ನು ತಿರುಗಿಸಿ ಇಟ್ಟರು? ಯಾಕೆ ಆ ಕಾಲಂ ಖಾಲಿ? ಅತ್ತಿಗೆಯನ್ನು ಕೇಳಿದೆ. “ಕೊನೇ ಸಾಲು ನನಗೆ ತೋರಿಸಿದ್ದೇ ಇಲ್ಲಮ್ಮ” ಎಂದರು. ಆ ಅನುಮಾನವನ್ನು ಹೊತ್ತುಕೊಂಡೇ ಹೊಸ್ತಿಲು ದಾಟಿದೆ. ಬಾಗಿಲಲ್ಲಿ ಎದುರು ಮನೆಯ ಟೈಲರಮ್ಮ ನಿಂತಿದ್ದರು. ಕುತ್ತಿಗೆಯಲ್ಲಿ ಟೇಪು. ಹಳೆಯ ಟೇಪು ಮೀಟರಿಗೆ ನಾಲ್ಕು ಮಿಲಿಮೀಟರ್ ಎಳೆದಿದೆ ಎಂದು ಮಿಲಿಗ್ರಾಂ ಸರ್ ಕಿತ್ತುಕೊಂಡು, ಹೊಸದು ತಂದುಕೊಟ್ಟಿದ್ದರಂತೆ. ಆಕೆ ಅಂದದ್ದನ್ನು ಅತ್ತಿಗೆಗೆ ಅವತ್ತೇ ಹೇಳಿದ್ದೇನೆ. ನಿಮಗೂ ಹೇಳಿ ಮುಗಿಸುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಎಂದರೆ ಯಾರ ಗಡಿಯಾರದ ಎರಡು ನಿಮಿಷ ಎಂದು ಅವರು ಕೇಳುತ್ತಿದ್ದರು. ಗಡಿಯಾರ ಬೇಡ. ತಕ್ಕಡಿಯ ಬಾಗಿಲು ಮುಚ್ಚಿ, ಓಡುವ ಅಂಕಿ ನಿಲ್ಲುವ ತನಕ ಉಸಿರು ಹಿಡಿದು ಕಾಯುತ್ತಿದ್ದೆವಲ್ಲ — ಹಾಗೆ ನಿಲ್ಲೋಣ. ನಾನು ಈ ಮಾತು ಮುಗಿಸಿದ ಕೂಡಲೇ ಮೌನ ಶುರು. ಆಮೇಲೆ ನಾನೇನೂ ಹೇಳುವುದಿಲ್ಲ.

ಟೈಲರಮ್ಮ ನನ್ನನ್ನು ಮೇಲಿಂದ ಕೆಳಗೆ ಅಳೆದರು. ಕೈಚೀಲ ನೋಡಿದರು. ಮತ್ತೆ ಮುಖ ನೋಡಿದರು. ಅಂದರು:

“ಕೆಂಪು ಕಾಸಿನವರು ನೀವೇನಾ? ನಾಲ್ಕು ವರ್ಷದ ಹಿಂದೆ ಅದರ ಪಾರ್ಸಲ್ ನನ್ನ ಮನೆಗೇ ತರಿಸ್ಕೊಂಡ್ರು ನಿಮ್ಮ ಸರ್. ಮನೇಲಿ ಹೇಳಬೇಡ, ಹೇಳಿದ್ರೆ ದಾಖಲೆಯವರ ಕಿವಿಗೆ ಬೀಳುತ್ತೆ ಅಂದ್ರು. ‘ಅವರಣ್ಣ ಕೊಟ್ಟದ್ದು ಸುಳ್ಳು ಕಾಸಮ್ಮ, ನಾನು ಯಾವ ಬಾಯಲ್ಲಿ ಹೇಳಲಿ? ಒಂದೇ ಒಂದು ಸಲ ನನ್ನ ಕೈಗೆ ಕೊಡಲಿ, ಗೊತ್ತಾಗದ ಹಾಗೆ ಅಸಲಿದನ್ನ ಇಟ್ಟು ವಾಪಸ್ ಕೊಟ್ಟುಬಿಡ್ತೀನಿ’ ಅಂತಿದ್ರು. ಯಾಕಮ್ಮಾ, ಒಂದು ಸಲಾನೂ ಕೊಡಲಿಲ್ವಾ ನೀವು?”